ಕೆಂಡ ಇಸ್ಕೊಂಡು ಬರುತ್ತಿದ್ದ ಕಾಲ

ಬೆಂಕಿಪೊಟ್ಟಣಕ್ಕೆ ಕಾಸು ಕೊಡಬೇಕಿತ್ತು, ಕೆಂಡಕ್ಕೆ ಕೊಡಬೇಕಿರಲಿಲ್ಲ. ಅದಕ್ಕೇ ತುಮಕೂರಿನ ಪಕ್ಕದ ನಮ್ಮ ಗೂಳೂರಿನ ಬೀದಿಯಲ್ಲಿ ಬೆಳಗಾಗುತ್ತಲೇ ಯಾವ ಮನೆಯ ನಾಡಹೆಂಚಿನ ಸಂದಿಯಿಂದ ಮೊದಲು ಹೊಗೆ ಏಳುತ್ತಿತ್ತೋ ಆ ಮನೆಗೆ ಉಳಿದ ಮನೆಗಳ ಮಕ್ಕಳು ಓಡುತ್ತಿದ್ದೆವು. ಕೈಯಲ್ಲೊಂದು ಮಡಕೆಯ ಚೂರು, ಇಲ್ಲವೇ ಒಣಗಿದ ಬೆರಣಿ. ‘ದೊಡ್ಡವ್ವ, ಅವ್ವ ಒಂಚೂರು ಕೆಂಡ ಇಸ್ಕೊಂಡು ಬಾ ಅಂತು’ ಎಂದು ಬಾಗಿಲಲ್ಲಿ ನಿಂತರೆ, ಒಳಗಿನಿಂದ ‘ಬಾ ಮಗ, ಒಲೆ ಮುಂದ್ಕೆ ಬಾ’ ಎಂಬ ದನಿ ಬರುತ್ತಿತ್ತು. ಎರಡು ಕೆಂಡ ಬೆರಣಿಯ ಮೇಲೆ ಕೂತರೆ, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದು ಮನೆ ಸೇರುತ್ತಿದ್ದೆವು. ಬೀದಿಯ ಅಷ್ಟೂ ಮನೆಗಳ ಅಡುಗೆ ಹೀಗೆ ಒಂದೇ ಬೆಂಕಿಯಿಂದ ಶುರುವಾಗುತ್ತಿತ್ತು. ಹಿಂದಿನ ಸಂಜೆ ಜಗಳವಾಡಿ ಮಾತು ಬಿಟ್ಟವರೂ ಕೆಂಡ ಇಲ್ಲ ಅನ್ನುತ್ತಿರಲಿಲ್ಲ. ಇದು ಎಪ್ಪತ್ತರ ದಶಕದ ಮಾತು. ನನ್ನ ಓರಗೆಯವರು ಯಾರೇ ಸಿಕ್ಕಲಿ, ಮಾತು ಸುತ್ತಿ ಸುತ್ತಿ ಆ ಒಲೆಗಳ ಹತ್ತಿರಕ್ಕೇ ಬರುತ್ತದೆ.

ನಮ್ಮೂರ ಗಣಪತಿಯನ್ನು ಬಲ್ಲವರಿಗೆ ನಮ್ಮೂರ ಮಣ್ಣೂ ಗೊತ್ತಿರುತ್ತದೆ. ಬೇರೆ ಊರುಗಳಲ್ಲಿ ಚೌತಿಯಂದು ಗಣಪ ಕೂತರೆ, ಗೂಳೂರಿನಲ್ಲಿ ಅಂದು ಅವನನ್ನು ಮಾಡುವ ಕೆಲಸ ಶುರುವಾಗುತ್ತದೆ. ಕೆರೆಯ ಜೇಡಿಮಣ್ಣು ತಂದು, ಹದ ಮಾಡಿ, ದಿನದಿನಕ್ಕೂ ಒಂದಿಷ್ಟು ಏರಿಸುತ್ತಾ ದೀಪಾವಳಿಯ ಹೊತ್ತಿಗೆ ಆಳೆತ್ತರವನ್ನೂ ಮೀರಿದ ಮೂರ್ತಿ ಎದ್ದು ಕೂರುತ್ತದೆ. ಕಾರ್ತಿಕ ಮಾಸದಲ್ಲಿ ಪೂಜೆ, ಆಮೇಲೆ ಅದೇ ಕೆರೆಗೆ ವಿಸರ್ಜನೆ. ಹದಿನೆಂಟು ಕೋಮಿನವರು ಕೂಡಿ ಮಾಡುವ ಹಬ್ಬ ಅದು. ನಮ್ಮ ಮನೆಯ ಒಲೆಯೂ ಆ ಕೆರೆಯ ಮಣ್ಣಿನದೇ. ಅಜ್ಜಿ ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ತುಳಿದು ತುಳಿದು, ಮುಂದೊಂದು ದೊಡ್ಡ ಬಾಯಿ, ಪಕ್ಕದಲ್ಲೊಂದು ಕೋಡೊಲೆ ಬರುವಂತೆ ಕೈಯಲ್ಲೇ ತಿದ್ದಿ ತೀಡಿ ಮಾಡುತ್ತಿದ್ದಳು. ಶುಕ್ರವಾರ ಸಾರಿಸಿ, ಒಲೆಯ ಹೆಗಲಿಗೆ ರಂಗೋಲಿಯ ಎಳೆ ಎಳೆದು, ಕುಂಕುಮ ಇಟ್ಟಲ್ಲದೆ ಬೆಂಕಿ ಹಾಕುತ್ತಿರಲಿಲ್ಲ. ಗಣಪತಿಯ ಗುಡಿಯಲ್ಲಿ ಮಣ್ಣು ಮೆತ್ತುವವರ ಕೈಚಳಕ ನೋಡಲು ನಾವು ಮಕ್ಕಳು ಹೋಗಿ ನಿಲ್ಲುತ್ತಿದ್ದೆವು. ಅಜ್ಜಿಯ ಕೈಚಳಕ ಅದಕ್ಕೆ ಕಡಿಮೆಯದಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಆ ಒಲೆ ಕೊಟ್ಟ ರುಚಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮುಂದಿನ ಬಾಯಿಯಲ್ಲಿ ಮುದ್ದೆಯ ಎಸರು ಕೊತಕೊತ ಕುದಿಯುವಾಗ ಕೋಡೊಲೆಯ ಮೇಲೆ ಸೊಪ್ಪಿನ ಬಸ್ಸಾರು ಸುಮ್ಮನೆ ಕಾಯುತ್ತಾ ಕೂರುತ್ತಿತ್ತು. ಹಿಟ್ಟು ಹಾಕಿದ ಮೇಲೆ ಉರಿ ತಗ್ಗಿಸಿ, ಪಾತ್ರೆಯನ್ನು ಕಾಲಲ್ಲಿ ಕವಣೆ ಕೊಟ್ಟು ಹಿಡಿದು, ಮುದ್ದೆಕೋಲಿನಲ್ಲಿ ಗಂಟಿಲ್ಲದಂತೆ ತೊಳಸುವ ಅವ್ವನ ತೋಳು ನೋಡಬೇಕಿತ್ತು. ಊಟವಾದ ಮೇಲೆ ಬೂದಿಯ ಅಡಿ ಗೆಣಸು ಹುದುಗಿಸಿಟ್ಟು ನಾವು ಕಾಯುತ್ತಿದ್ದೆವು. ಹಲಸಿನ ಬೀಜ, ಅವರೆಕಾಯಿ, ಕಡಲೆಕಾಯಿ, ಏನು ಸಿಕ್ಕರೂ ಕೆಂಡಕ್ಕೆ. ಕಾರ್ತಿಕದ ಚಳಿಯಲ್ಲಿ ಒಲೆಯ ಮುಂದೆ ಅಕ್ಕ, ನಾನು, ಚಿಕ್ಕವ್ವನ ಮಕ್ಕಳು ಒತ್ತಿ ಒತ್ತಿ ಕೂತು, ಅಜ್ಜಿ ಹೇಳುವ ಕಥೆಗೆ ಹೂಂಗುಡುತ್ತಿದ್ದೆವು. ಬಚ್ಚಲಲ್ಲಿ ತಾಮ್ರದ ಹಂಡೆಯ ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ಭಾನುವಾರದ ಎಣ್ಣೆನೀರಿಗೆ ಆ ಹೊಗೆವಾಸನೆಯ ಬಿಸಿನೀರೇ ಚೆಂದ.

ಇದೆಲ್ಲ ನಿಜ. ಆದರೆ ಒಲೆಯ ಮುಂದೆ ಕೂತು ತಿಂದವರ ನೆನಪು ಬೇರೆ, ಒಲೆಯನ್ನು ಊದಿದವರ ನೆನಪು ಬೇರೆ. ನಾವು ಬರೆಯುವವರು ಹೆಚ್ಚಾಗಿ ತಿಂದವರು. ಅವ್ವನನ್ನು ಕೇಳಿದರೆ ಅವಳಿಗೆ ಮೊದಲು ನೆನಪಾಗುವುದು ಗೆಣಸಲ್ಲ, ಮಳೆಗಾಲದ ಹಸಿ ಸೌದೆ. ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಡವಾದರೂ ಉರಿ ಹತ್ತದು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮೇಲೊಂದು ಬೆಳಕಿಂಡಿ, ಅದೂ ಮಳೆ ಬಂದರೆ ಮುಚ್ಚಬೇಕು. ಸೂರಿನ ತೊಲೆ, ಅಟ್ಟ, ಗೋಡೆ ಎಲ್ಲ ಮಸಿ ಹಿಡಿದು ಮಿರಮಿರ ಮಿಂಚುತ್ತಿದ್ದವು. ಎದೆಯೊಳಗೂ ಅದೇ ಮಸಿ ಕೂರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಅಜ್ಜಿ ರಾತ್ರಿಯಿಡೀ ಕೆಮ್ಮುತ್ತಿದ್ದಳು. ವಯಸ್ಸಾಯಿತು, ಕೆಮ್ಮು ಇದ್ದದ್ದೇ ಎಂದು ಮನೆಯವರು ಶುಂಠಿ ಕಷಾಯ ಕೊಡುತ್ತಿದ್ದರು. ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಕೆಮ್ಮು ಯಾಕೆ ಬಂತು ಎಂದು ಕೇಳಿದವರಿಲ್ಲ. ಕೊನೆಗೆ ಕಣ್ಣಿಗೆ ಪೊರೆಯೂ ಬಂತು. ಒಲೆಯ ಹೊಗೆ ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಕಣ್ಣಿನ ಪೊರೆಗೂ ಕಾರಣವಾಗುತ್ತದೆ, ಒಲೆಯ ಪಕ್ಕ ಮಲಗಿಸಿದ ಕೂಸುಗಳಿಗೆ ನ್ಯುಮೋನಿಯಾ ತರುತ್ತದೆ ಎಂದು ವೈದ್ಯರು ಈಗ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ನಮ್ಮ ಅಜ್ಜಿಯಂಥವರು ಯಾವ ಲೆಕ್ಕಕ್ಕೂ ಸೇರದೆ ಹೋದರು.

ಸೌದೆಗೆ ಹೋಗುವುದು ಮಾತ್ರ ನಮಗೆ ಜಾತ್ರೆಗೆ ಹೋದಷ್ಟು ಖುಷಿ. ಶಾಲೆ ಇಲ್ಲದ ದಿನ ಕೇರಿಯ ಹೆಣ್ಣುಮಕ್ಕಳೆಲ್ಲ ಸೇರಿ ಕೈದಾಳದ ಕಡೆಯ ತೋಟಗಳ ಬೇಲಿಸಾಲು ಹಿಡಿಯುತ್ತಿದ್ದೆವು. ಬಿದ್ದ ತೆಂಗಿನ ಗರಿ, ಎಡೆಮಟ್ಟೆ, ತೊಗರಿಕಡ್ಡಿ, ಜಾಲಿಯ ಮುಳ್ಳುಕೊಂಬೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹೊರೆ. ಹೊರೆ ಎತ್ತಲು ಒಬ್ಬರಿಗೊಬ್ಬರು ಕೈ ಕೊಡಬೇಕು, ಹಾಗಾಗಿ ಒಂಟಿಯಾಗಿ ಯಾರೂ ಹೋಗುತ್ತಿರಲಿಲ್ಲ. ದಾರಿಯುದ್ದ ಹಾಡು, ಹಾಸ್ಯ, ಯಾರಿಗೆ ಗಂಡು ಬಂತು ಎಂಬ ಸುದ್ದಿ. ತೆಂಗು ಅಡಿಕೆಯ ಸೀಮೆಯಾದ್ದರಿಂದ ನಮಗೆ ಅಷ್ಟು ಬರವಿರಲಿಲ್ಲ. ತೋಟವಿದ್ದವರ ಮನೆಗೆ ಗರಿ, ಮಟ್ಟೆ, ಕರಟ ತಾನಾಗಿ ಬರುತ್ತಿತ್ತು. ತೋಟವಿಲ್ಲದ ಕೂಲಿಯವರ ಮನೆಯ ಹೆಂಗಸರು ದೂರದೂರ ಹೋಗಬೇಕಾಗುತ್ತಿತ್ತು, ಬೈಸಿಕೊಳ್ಳಬೇಕಾಗುತ್ತಿತ್ತು. ಒಂದೇ ಬೀದಿಯಲ್ಲಿ ಕೆಂಡ ಹಂಚಿಕೊಂಡರೂ ಸೌದೆಯ ಕಷ್ಟ ಎಲ್ಲರಿಗೂ ಸಮನಾಗಿರಲಿಲ್ಲ.

ಎಂಬತ್ತರ ದಶಕದ ಹೊತ್ತಿಗೆ ಗೋಮಾಳಗಳಲ್ಲಿ, ಹೊಲಗಳಲ್ಲಿ ನೀಲಗಿರಿ ಎದ್ದಿತು. ಸಾಮಾಜಿಕ ಅರಣ್ಯ ಎಂದು ಅದಕ್ಕೆ ಹೆಸರು. ಹಳ್ಳಿಯವರಿಗೆ ಸೌದೆ ಸಿಗುತ್ತದೆ ಎಂಬುದು ಹೇಳಿಕೆ, ಹೆಚ್ಚಿನ ಮರ ಹೋದದ್ದು ಕಾರ್ಖಾನೆಗಳಿಗೆ. 1983ರಲ್ಲಿ ನಮ್ಮದೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಅದು ಬರೀ ನೀರಿನ, ಅಂತರ್ಜಲದ ಜಗಳವಾಗಿರಲಿಲ್ಲ, ಒಲೆಯ ಜಗಳವೂ ಆಗಿತ್ತು ಎಂದು ನಾನು ತಿಳಿದಿದ್ದೇನೆ.

ಇನ್ನು ಬೆಳಕಿನ ಕಥೆ. ಸೊಸೈಟಿಯಲ್ಲಿ ಸೀಮೆಎಣ್ಣೆ ಬಂತು ಎಂಬ ಸುದ್ದಿ ಹಬ್ಬಿದರೆ ಕಾರ್ಡು, ಡಬ್ಬ ಹಿಡಿದು ಸಾಲು. ತಂದ ಎಣ್ಣೆಯಲ್ಲಿ ಬುಡ್ಡಿದೀಪಕ್ಕೆ ಇಷ್ಟು, ಲಾಟೀನಿಗೆ ಇಷ್ಟು ಎಂದು ಅಜ್ಜಿ ಅಳೆದು ಹಾಕುತ್ತಿದ್ದಳು. ಸಂಜೆಯ ಮುಂಚೆ ಲಾಟೀನಿನ ಗಾಜನ್ನು ಒಲೆಬೂದಿ ಹಚ್ಚಿ ಉಜ್ಜುವುದು ಅಕ್ಕನ ಪಾಲಿನ ಕೆಲಸ. ಅದರ ಸುತ್ತ ನಾವು ನಾಲ್ಕು ಮಕ್ಕಳು ತಲೆಗೆ ತಲೆ ಕೊಟ್ಟು ಮಗ್ಗಿ ಉರುಹೊಡೆಯುತ್ತಿದ್ದೆವು. ಆಮೇಲೆ ಕೆಇಬಿಯವರು ಕಂಬ ನೆಟ್ಟು, ತಂತಿ ಎಳೆದು, ನಮ್ಮ ಮನೆಗೂ ಕರೆಂಟು ಬಂತು. ಬಲ್ಬು ಹಾಕಿದ್ದು ಪಡಸಾಲೆಗೆ. ಗಂಡಸರು ಕೂರುವ, ನೆಂಟರು ಬರುವ ಜಾಗವದು. ಎರಡನೆಯ ಬಲ್ಬು ದೇವರ ಮುಂದೆ. ಕತ್ತಲಲ್ಲಿ ಕುದಿಯುವ ಎಸರಿನ ಮುಂದೆ ಕೂರುವವಳ ಪಕ್ಕ ಬುಡ್ಡಿದೀಪವೇ ಉಳಿಯಿತು. ಬಹಳ ವರ್ಷದ ಮೇಲೆ ಅಡುಗೆಮನೆಗೂ ಒಂದು ತಂತಿ ಎಳೆಸಿದರು. ನಮ್ಮ ಮನೆಯೊಂದರ ಮಾತಲ್ಲ ಇದು. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದೇ ದೀಪ ಬಂದಾಗಲೂ ಅದು ಒಲೆಯ ಕಡೆ ಹೋದದ್ದನ್ನು ನಾನು ಅಷ್ಟಾಗಿ ಕಾಣಲಿಲ್ಲ. ಊರಿಗೆ ಬಂದ ಅನುಕೂಲ ಯಾವುದೇ ಇರಲಿ, ಅದು ಹೊಸ್ತಿಲು ದಾಟಿ ಅಡುಗೆಮನೆ ಮುಟ್ಟುವಷ್ಟರಲ್ಲಿ ಒಂದು ತಲೆಮಾರಿನ ಹೆಂಗಸರು ಮುದುಕಿಯರಾಗಿರುತ್ತಿದ್ದರು.

ಒಲೆಯನ್ನೇ ಮೊದಲು ನೋಡಿದವರೂ ಇದ್ದರು, ಅವರು ಬಂದದ್ದು ನಮ್ಮ ಜಿಲ್ಲೆಗೇ. ಅಕ್ಕನನ್ನು ಕೊಟ್ಟದ್ದು ಹುಲಿಯೂರುದುರ್ಗದ ಕಡೆಗೆ. ಗೂಳೂರಿನಿಂದ ಹೆಬ್ಬೂರು, ಕುಣಿಗಲ್ ದಾಟಿ ಬಸ್ಸು ಬದಲಿಸಿ ಹೋಗುತ್ತಿದ್ದೆವು. ಆ ಸೀಮೆಯಲ್ಲಿ ಉಂಗ್ರ ಎಂಬ ಹಳ್ಳಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಜೊತೆಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದ್ದರು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕು ಎಂದು ಅವರು ಉಂಗ್ರದಲ್ಲಿ ಬಿಡಾರ ಹೂಡಿದರು. ಮೊದಲು ಮಾಡಿದ ಕೆಲಸ ಅಳೆಯುವುದು. ಯಾವ ಮನೆಯಲ್ಲಿ ದಿನಕ್ಕೆ ಎಷ್ಟು ಸೌದೆ, ಯಾರು ತಂದರು, ಎಷ್ಟು ದೂರದಿಂದ, ಎಷ್ಟು ಹೊತ್ತು ಹಿಡಿಯಿತು. ಹತ್ತಿರದ ಪುರ ಎಂಬ ಹಳ್ಳಿಯ ಲೆಕ್ಕ ತೆಗೆದರೆ, ಊರು ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡ 89ರಷ್ಟು ಸೌದೆಯದೇ ಆಗಿತ್ತು. ಶೇಕಡ 7 ಮನುಷ್ಯರ ಮೈಶ್ರಮ, ಕರೆಂಟು ಬರೀ ಶೇಕಡ 1. ಶಕ್ತಿ ಎಂದರೆ ಅಣೆಕಟ್ಟು, ಕಲ್ಲಿದ್ದಲು ಎಂದು ದೊಡ್ಡವರು ಮಾತಾಡುತ್ತಿದ್ದ ಕಾಲದಲ್ಲಿ, ಈ ದೇಶದ ದೊಡ್ಡ ಶಕ್ತಿಕೇಂದ್ರ ಹೆಂಗಸರ ತಲೆಯ ಮೇಲಿನ ಸೌದೆಹೊರೆ ಎಂದು ಕುಣಿಗಲ್ ತಾಲೂಕಿನ ಒಂದು ಚಿಕ್ಕ ಊರು ತೋರಿಸಿಕೊಟ್ಟಿತು. ಆ ಲೆಕ್ಕವನ್ನು ಆಮೇಲೆ ಲೋಕದ ನಾನಾ ಕಡೆಯ ತಿಳಿದವರು ಓದಿದರು.

ಅಳತೆಯ ಬೆನ್ನಿಗೇ ಬಂದದ್ದು ಅಸ್ತ್ರ ಒಲೆ. ಅಕ್ಕನ ಮನೆಯಲ್ಲಿ ಅದನ್ನು ನಾನು ಮೊದಲು ನೋಡಿದೆ. ಇಟ್ಟಿಗೆ, ಮಣ್ಣಿನಲ್ಲೇ ಕಟ್ಟಿದ್ದು. ಮೂರು ಪಾತ್ರೆ ಕೂರುವ ಮೂರು ಬಾಯಿ. ಸೌದೆ ಹಾಕುವ ಕಂಡಿಗೆ ಮುಚ್ಚಳ, ಒಳಗೆ ಬೂದಿ ಕೆಳಕ್ಕೆ ಬೀಳಲು ಜಾಲರಿ. ಅದರ ಕೆಳಗಿನಿಂದ ಗಾಳಿ ಬರುತ್ತದೆ. ಬೆಂಕಿಯ ಜ್ವಾಲೆ ಮೊದಲ ಪಾತ್ರೆಯ ತಳ ಸವರಿ, ಬಿಸಿಗಾಳಿ ಎರಡನೆಯದಕ್ಕೆ, ಉಳಿದದ್ದು ಮೂರನೆಯದಕ್ಕೆ ಹೋಗಿ, ಕೊಳವೆಯಲ್ಲಿ ಸೂರಿನಾಚೆ ಹೊಗೆಯಾಗಿ ಹೊರಟುಹೋಗುತ್ತಿತ್ತು. ಹಳೆಯ ಒಲೆಯಲ್ಲಿ ಸೌದೆಯ ಬಿಸಿಯಲ್ಲಿ ಹೆಚ್ಚಿನ ಪಾಲು ಗಾಳಿಗೆ, ಗೋಡೆಗೆ ಹೋಗಿ, ಪಾತ್ರೆಗೆ ತಲುಪುತ್ತಿದ್ದದ್ದು ಒಂದು ಚಿಕ್ಕ ಪಾಲು. ಇಲ್ಲಿ ಅದೇ ಅಡುಗೆಗೆ ಸೌದೆ ಹೆಚ್ಚೂಕಡಿಮೆ ಅರ್ಧ ಸಾಕಾಗುತ್ತಿತ್ತು. ‘ನೋಡೆ, ಕಣ್ಣಲ್ಲಿ ನೀರೇ ಬರಲ್ಲ’ ಎಂದು ಅಕ್ಕ ಒಲೆಯ ಪಕ್ಕ ಕೂತು ಹೇಳಿದ್ದಳು. ಮುದ್ದೆ, ಸಾರು, ಕೈ ತೊಳೆಯುವ ಬಿಸಿನೀರು ಮೂರೂ ಒಟ್ಟಿಗೆ ಆಗುತ್ತಿದ್ದವು. ಅವಳ ಅತ್ತೆ ಮೊದಮೊದಲು ಮುನಿಸಿಕೊಂಡಿದ್ದರಂತೆ. ಹೊಗೆ ಇಲ್ಲದಿದ್ದರೆ ಸೂರಿಗೆ ಹುಳ ಹಿಡಿಯುತ್ತದೆ, ಅಟ್ಟದ ಹುಣಸೆಹಣ್ಣು, ಬಿತ್ತನೆ ಕಾಳು ಕೆಡುತ್ತವೆ ಎಂಬುದು ಅವರ ಚಿಂತೆ. ಸುಳ್ಳಲ್ಲ ಅದು, ಹೊಗೆಗೆ ಆ ಗುಣ ಇತ್ತು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇರೆಯವರನ್ನು ಕರೆದು ಒಲೆ ತೋರಿಸುತ್ತಿದ್ದವರೂ ಅವರೇ.

ಎಂಬತ್ತರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆದ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಗೂ ಅಸ್ತ್ರ ಒಲೆ ಹೋಯಿತು. ಗೂಳೂರಿನ ಕಡೆಗೂ ಬಂತು. ಎಲ್ಲ ಕಡೆ ಬಾಳಲಿಲ್ಲ. ಉಂಗ್ರದ ಕಡೆ ಒಲೆ ಮಾಡಿದವರು ಮತ್ತೆ ಮತ್ತೆ ಬಂದು ಕೇಳುತ್ತಿದ್ದರು, ಸರಿಪಡಿಸುತ್ತಿದ್ದರು. ಉಳಿದೆಡೆ ಕಟ್ಟಿದವನು ಲೆಕ್ಕ ಬರೆಸಿ ಹೋದರೆ ಮುಗಿಯಿತು. ಕೊಳವೆಯಲ್ಲಿ ಮಸಿ ಕಟ್ಟಿತು, ಕೊಳವೆ ಹೊಕ್ಕ ಕಡೆ ಹೆಂಚು ಸೋರಿತು, ಹಬ್ಬಕ್ಕೆ ದೊಡ್ಡ ಪಾತ್ರೆ ಇಡಬೇಕಾಗಿ ಬಾಯಿ ಅಗಲ ಮಾಡಿದರು, ಸಂದಿಯಲ್ಲಿ ಹೊಗೆ ಒಳಕ್ಕೆ ತಿರುಗಿತು. ಒಲೆ ಎಂಬುದು ಕೊಟ್ಟು ಮರೆಯುವ ವಸ್ತುವಲ್ಲ. ನಮ್ಮಜ್ಜಿ ವಾರವಾರಕ್ಕೂ ತನ್ನ ಒಲೆಯನ್ನು ಸಾರಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಪುರದ ಗೋಬರ್ ಗ್ಯಾಸ್ ಕಥೆ ನನಗೆ ಇನ್ನೂ ಇಷ್ಟ. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಗ್ಯಾಸ್ ಮಾಡಿ, ಮನೆಮನೆಗೆ ಅಡುಗೆಗೆ ಕೊಡಬೇಕೆಂಬುದು ಮೊದಲ ಆಸೆ. ಸಗಣಿ ಸಾಲದೆ ಅದು ಕೈಗೂಡಲಿಲ್ಲ. ಆಗ ಹೆಂಗಸರು ನಮಗೆ ಮೊದಲು ಕುಡಿಯುವ ನೀರು ಕೊಡಿ ಎಂದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಬೆಳಿಗ್ಗೆ ಸಗಣಿ ತಂದು ತೂಗಿ ಕೊಟ್ಟವರಿಗೆ ಕಾಸು, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ವಾಪಸ್ಸು. ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಅದರ ಮರುವರ್ಷ ಸೌದೆಯಿಂದಲೇ ಅನಿಲ ತೆಗೆದು ದೀಪ ಉರಿಸಿದರು. ಅಕ್ಕನ ಮನೆಗೆ ಹೋದಾಗ ಈ ಊರುಗಳ ಹೆಸರು ಕೇಳುತ್ತಾ ಕೂರುವುದೇ ನಮಗೊಂದು ಹೆಮ್ಮೆ. ಅಮೂಲ್ಯ ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಹಳ್ಳಿಯ ಹೆಂಗಸಿನ ದಿನಚರಿಯನ್ನು ಗಡಿಯಾರ ಹಿಡಿದು ಗೌರವದಿಂದ ಅಳೆದ ವಿಜ್ಞಾನಿಯ ಹೆಸರು ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗೆ ಗೊತ್ತಿರಬೇಕು.

ಗೂಳೂರಿನಲ್ಲಿ ನಮ್ಮ ಮನೆಗೆ ಗ್ಯಾಸ್ ಬರುವ ಮುಂಚೆ ಪಂಪ್ ಸ್ಟೌ, ಬತ್ತಿ ಸ್ಟೌ, ಸಾಮಿಲ್ಲಿನಿಂದ ಮರದ ಹೊಟ್ಟು ತಂದು ದಟ್ಟಿಸಿ ಉರಿಸುವ ಹೊಟ್ಟಿನ ಒಲೆ ಎಲ್ಲವೂ ಬಂದು ಹೋದವು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ. ತುಮಕೂರಿನಿಂದ ಸೈಕಲ್ಲಿಗೆ ಕಟ್ಟಿಕೊಂಡು ಸಿಲಿಂಡರ್ ಬಂದ ದಿನ ಬೀದಿಯ ಹೆಂಗಸರೆಲ್ಲ ನೋಡಲು ನೆರೆದಿದ್ದರು. ಅವ್ವ ಅದಕ್ಕೂ ಅರಿಶಿನ ಕುಂಕುಮ ಇಟ್ಟಳು. ಬಹಳ ದಿನ ಅದರಲ್ಲಿ ನೆಂಟರು ಬಂದರೆ ಕಾಫಿ ಮಾತ್ರ. ಆಮೇಲೆ ಬೆಳಗಿನ ಉಪ್ಪಿಟ್ಟು, ಆಮೇಲೆ ಸಾರು, ಕೊನೆಗೆ ಮುದ್ದೆ. ‘ಗ್ಯಾಸಿನ ಮುದ್ದೆ ಸಪ್ಪೆ’ ಎಂದು ಅಪ್ಪ ಗೊಣಗಿದಾಗ, ‘ಹಂಗಾದ್ರೆ ನೀವೇ ಊದಿ ಮಾಡ್ಕಳಿ’ ಎಂದಿದ್ದಳು ಅವ್ವ. ಅವಳು ಅಪ್ಪನಿಗೆ ಎದುರಾಡಿದ್ದನ್ನು ಅದಕ್ಕೂ ಮುಂಚೆ ನಾವು ಕೇಳಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. 2013ರಲ್ಲಿ ಗ್ಯಾಸಿನ ಸಬ್ಸಿಡಿಯನ್ನು ನೇರ ಬ್ಯಾಂಕಿಗೆ ಹಾಕುವ ಏರ್ಪಾಡು ದೇಶದಲ್ಲಿ ಮೊದಲು ಜಾರಿಯಾದ ಕೆಲವೇ ಜಿಲ್ಲೆಗಳಲ್ಲಿ ತುಮಕೂರೂ ಒಂದು. 2016ರ ಉಜ್ವಲ ಯೋಜನೆಯಿಂದ ಬಡವರ ಮನೆಯ ಹೆಂಗಸರ ಹೆಸರಿನಲ್ಲೇ ಸಿಲಿಂಡರ್ ಬಂತು. 2023ರಲ್ಲಿ ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟು ಬಂತು. ನಮ್ಮದೇ ಜಿಲ್ಲೆಯ ಪಾವಗಡದ ಬಯಲಲ್ಲಿ 2,050 ಮೆಗಾವಾಟಿನ ಸೌರಪಾರ್ಕು ಬಿಸಿಲನ್ನು ಕರೆಂಟು ಮಾಡುತ್ತಿದೆ. ಇದೆಲ್ಲ ನೋಡಿ ನನಗೆ ಮನಸಾರೆ ಸಂತೋಷ. ಆದರೆ ಲೋಕದಲ್ಲಿ ಇನ್ನೂ 200 ಕೋಟಿಗೂ ಮೇಲ್ಪಟ್ಟು ಜನ ಹೊಗೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದಾರೆ. ನಮ್ಮ ಕಡೆಯೂ ಕಾಫಿಗೆ ಗ್ಯಾಸು, ಮುದ್ದೆಗೆ ಸೌದೆ ಎಂಬ ಮನೆಗಳು ಉಳಿದಿವೆ. ಸಿಲಿಂಡರ್ ಮುಗಿದರೆ ಮುಂದಿನದಕ್ಕೆ ಕೂಲಿಯ ದುಡ್ಡು ಒಟ್ಟುಗೂಡುವವರೆಗೆ ಹಿತ್ತಿಲಿನ ಮೂರು ಕಲ್ಲಿನ ಒಲೆಯೇ ಗತಿ. ಅರ್ಧ ಹೊಗೆ ನಿಂತರೆ ಅರ್ಧ ರೋಗ ನಿಲ್ಲುವುದಿಲ್ಲ, ಹೊಗೆ ಪೂರ್ತಿ ನಿಂತಾಗಲೇ ಎದೆಗೆ ಗುಣ ಎಂದು ಈ ವಿಷಯ ಓದಿಕೊಂಡವರು ಹೇಳುತ್ತಾರೆ.

ಬಚ್ಚಲ ಒಲೆಯನ್ನಂತೂ ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಡುಗೆಮನೆಯಲ್ಲಿ ಗ್ಯಾಸು ಬಂದು ಎಷ್ಟೋ ವರ್ಷ ಆಗಿರುವ ಮನೆಗಳಲ್ಲೂ ಹಂಡೆಯ ಕೆಳಗೆ ಇವತ್ತಿಗೂ ಮಟ್ಟೆ, ಗರಿ, ಕೆಲವೊಮ್ಮೆ ಪ್ಲಾಸ್ಟಿಕ್ಕು ಕೂಡ ಉರಿಯುತ್ತದೆ. ಬೆಳಿಗ್ಗೆ ಎದ್ದು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವುದು ಮನೆಯ ಅತ್ಯಂತ ಹಿರಿಯ ಹೆಂಗಸು.

ಹಳ್ಳಿಯಲ್ಲಿ ತಾಯಿ, ಅತ್ತೆ, ದೊಡ್ಡವ್ವ ಇರುವವರಿಗೆ ನನ್ನದೊಂದು ಕೇಳಿಕೆ. ಈ ಸಲ ಊರಿಗೆ ಹೋದಾಗ ಬಚ್ಚಲಮನೆಗೆ ಹೋಗಿ ಸೂರನ್ನು ನೋಡಿ. ಮಸಿ ಇದ್ದರೆ ಹೊಗೆಕೊಳವೆ ಹಾಕಿಸಿ, ಕೈಲಾದರೆ ಮಾಳಿಗೆಯ ಮೇಲೊಂದು ಸೋಲಾರ್ ಹೀಟರ್ ಇಡಿಸಿ. ಹಬ್ಬಕ್ಕೆ ಸೀರೆ ತರುವವರು ಅದರ ಜೊತೆಗೆ ಮುಂದಿನ ಸಿಲಿಂಡರಿನ ದುಡ್ಡನ್ನೂ ಅವರ ಕೈಯಲ್ಲೇ ಇಟ್ಟು ಬನ್ನಿ.